ಮೀನಿಗೆ ಮೂಗಿಲ್ಲ ಎಂದವಳು

ತನ್ನೆದುರು ಮಂಡಿಯೂರಿದವರಿಗೆ ಕೂಡಲೇ ಏಳು ಎನ್ನುವ ಅಭ್ಯಾಸ ಓಮೊನಿಗೊಗೆ ಇರಲಿಲ್ಲ.

ಉಘೆಲ್ಲಿ ಸೀಮೆಯ ಮನೆಗಳಲ್ಲಿ ಬೆಳಗಾದರೆ ಕಿರಿಯರು ಹಿರಿಯರ ಮುಂದೆ ಮಂಡಿಯೂರಿ 'ಮಿಗ್ವೊ' ಎನ್ನಬೇಕು. ಹಿರಿಯರು 'ವ್ರೆಂಡೊ' ಅಂದಮೇಲೆ, ಅಂದರೆ ಏಳು ಅಂದಮೇಲೆ, ಏಳಬೇಕು. ಉಳಿದವರ ಮನೆಯಲ್ಲಿ ಇದು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಅರ್ಧ ಬಗ್ಗುವಷ್ಟರಲ್ಲೇ 'ವ್ರೆಂಡೊ' ಬಂದಿರುತ್ತದೆ, ಮಂಡಿ ನೆಲ ಮುಟ್ಟಿರುವುದೇ ಇಲ್ಲ. ಓಮೊನಿಗೊ ಹಾಗಲ್ಲ. ಬಾಯಲ್ಲಿದ್ದ ಹಲ್ಲುಕಡ್ಡಿಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸುವಳು. ಕೋಳಿಗೂಡಿನ ಬಾಗಿಲು ತೆರೆದಿದೆಯೇ ಎಂದು ನೋಡುವಳು. ಎದುರಿಗಿರುವ ವಾರಗಿತ್ತಿ ಎಜೈಟಾಳ ಮಂಡಿಗೆ ಅಂಗಳದ ಕೆಂಪು ಕೆಸರು ಚೆನ್ನಾಗಿ ಅಂಟಿತು ಎಂದು ಖಾತ್ರಿಯಾದ ಮೇಲೆ, ಬೇರೆ ಯಾರಿಗೋ ಹೇಳುವ ಹಾಗೆ, "ವ್ರೆಂಡೊ" ಎನ್ನುವಳು.

ಇಷ್ಟು ದೊಡ್ಡತನ ಅವಳಿಗೆ ಬಂದದ್ದು ಮೀನಿನಿಂದ. ಗಂಡ ಉಮುಕೊರೊ ಆ ಮನೆತನದ ಹಿರಿಮಗ, ಹೆಸರಿಗೆ ಯಜಮಾನ. ಮಾವಿನ ಮರದಡಿ ಕುರ್ಚಿ ಹಾಕಿಕೊಂಡು ನಾಡಸಾರಾಯಿ ಗುಟುಕರಿಸುತ್ತ ಕಂಡವರ ಜಗಳ ಬಗೆಹರಿಸುವುದೇ ಅವನ ಕಸುಬು. ಹಿತ್ತಿಲಿನ ಜೌಗುನೆಲ ಅಗೆದು ಕೊಳ ಮಾಡಿ, ಮೀಸೆಮೀನಿನ ಮರಿ ತಂದು ಬಿಟ್ಟು, ಆ ಮನೆಯ ಒಲೆ ಆರದಂತೆ ನೋಡಿಕೊಂಡವಳು ಹೆಂಡತಿ. ಅದನ್ನು ಅವಳಿಂದ ಕಸಿಯಬಾರದು. ಬಸುರಿ ಹೊಟ್ಟೆ ಹೊತ್ತು ಸೊಂಟದವರೆಗೆ ಕೆಸರಿನಲ್ಲಿ ನಿಂತು ಗುದ್ದಲಿ ಹಾಕಿದವಳು ಅವಳು. ಮೂಟೆಯಲ್ಲಿ ಬರುವ ಪರದೇಶದ ತೀನಿ ತುಟ್ಟಿಯಾಗಿ ಸುತ್ತಲಿನವರೆಲ್ಲ ಕೊಳ ಒಣಗಿಸಿ ಕೈಕಟ್ಟಿ ಕೂತಾಗ, ಸೋಯಾ ಹಿಂಡಿ, ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದ ಹಿಟ್ಟು ಕಲಸಿ, ಅದಕ್ಕೆ ಕೆಂಪು ತಾಳೆ ಎಣ್ಣೆ ಹೊಯ್ದು, ಮಾಂಸ ಅರೆಯುವ ಕೈಯಂತ್ರದಲ್ಲಿ ಶಾವಿಗೆಯಂತೆ ಒತ್ತಿ ಬಿಸಿಲಿಗೆ ಹರವಿದವಳೂ ಅವಳೇ.

ಎಣ್ಣೆ ತಿಂದ ಮೀನು ಮಿಂಚಿದವು. ಹೊಸ ಎಣ್ಣೆ, ಹದವಾಗಿ ಹಾಕಿದ್ದು, ಮೀನಿಗೆ ಒಳ್ಳೆಯದೇ, ಅದರಲ್ಲಿ ಸುಳ್ಳಿಲ್ಲ. ವಾರಿ ಪಟ್ಟಣದ 'ತೋರಿಸು-ಕೊಲ್ಲು' ಅಂಗಡಿಗಳಿಂದ ಗಾಡಿಗಳು ಬಂದು ನಿಂತವು. ಆ ಅಂಗಡಿಗಳಲ್ಲಿ ಗಿರಾಕಿ ತೊಟ್ಟಿಯಲ್ಲಿ ಈಜುತ್ತಿರುವ ಮೀನನ್ನು ಬೆರಳಿನಿಂದ ತೋರಿಸಿದರೆ ಸಾಕು, ಅಲ್ಲೇ ಅದರ ತಲೆಗೆ ಪೆಟ್ಟು ಬೀಳುತ್ತದೆ, ಬಿಯರು ಮುಗಿಯುವುದರೊಳಗೆ ಅದು ಖಾರದ ಸಾರಾಗಿ ಎದುರಿಗೆ ಬರುತ್ತದೆ. ಗಿರಾಕಿಗಳ ಬೆರಳು ಓಮೊನಿಗೊಳ ಮೀನಿನ ಕಡೆಗೇ ಹೋಗುತ್ತಿತ್ತು. ಹೊಟ್ಟೆ ದಪ್ಪ, ಮೈ ನುಣುಪು. "ಎಣ್ಣೆ ಮಾಮಾಳ ಮೀನು" ಎಂದು ಹೆಸರಾಯಿತು, ಅಲ್ಲಿ ಮಾಮಾ ಎಂದರೆ ಅಮ್ಮ.

ಅಷ್ಟಕ್ಕೆ ನಿಂತಿದ್ದರೆ ಈ ಕಥೆ ಬರೆಯುವ ಅಗತ್ಯವಿರಲಿಲ್ಲ.

ತಾಳೆಗೊನೆ ಇಳಿಸುವ ಕಾಲದಲ್ಲಿ ಎಣ್ಣೆ ಅಗ್ಗ. ಮಳೆ ಮುಗಿಯುವ ಹೊತ್ತಿಗೆ ತುಟ್ಟಿ. ಅಗ್ಗದ ಕಾಲದಲ್ಲಿ ಪೀಪಾಯಿ ತುಂಬಿಟ್ಟುಕೊಂಡು ತುಟ್ಟಿಯ ಕಾಲದಲ್ಲಿ ಬಿಚ್ಚುವುದು ಆ ಕಡೆಯ ಜಾಣತನ. ಓಮೊನಿಗೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಮೇಲಿನ ತಿಳಿಯನ್ನು ಅಡುಗೆಗೆಂದು ಊರವರಿಗೆ ಮಾರುವುದು, ತಳದ ಗಸಿಯನ್ನು ಮೀನಿಗೆ ಹಾಕುವುದು. ತಗಡಿನ ಮಾಡಿನ ಕೆಳಗೆ, ಮುಚ್ಚಳ ತುಕ್ಕು ಹಿಡಿದ ಪೀಪಾಯಿಗಳಲ್ಲಿ, ಆ ಗಸಿ ಬೇಸಿಗೆಯಲ್ಲಿ ಕುದಿದು, ಮಳೆಗಾಲದಲ್ಲಿ ಹೆಪ್ಪುಗಟ್ಟಿ, ಮತ್ತೆ ಕುದಿದು, ಕೆಂಪು ಹೋಗಿ ಹಳೆಯ ಗಾಯದ ಬಣ್ಣಕ್ಕೆ ತಿರುಗಿತು. ಮುಂದಿನ ವರ್ಷ ಅದರ ಮೇಲೇ ಹೊಸದನ್ನು ಸುರಿದಳು.

ಒಂದು ಬೆಳಗ್ಗೆ ಅಂಗಳದಲ್ಲಿ ಹೆಂಗಸರು ಸೇರಿ ತೀನಿ ಕಲಸುವಾಗ ಎಜೈಟಾ ಮುಖ ಹಿಂದಕ್ಕೆ ಸರಿಸಿದಳು.

"ಅಕ್ಕ, ಈ ಎಣ್ಣೆ ಕಮಟು ಹೊಡೀತಿದೆ."

"ನೀನು ತಿಂತೀಯೇನೆ ಅದನ್ನ?"

"ನಾನಲ್ಲ, ಮೀನು ತಿನ್ನೋದಲ್ವಾ..."

"ಮೀನಿಗೇನು ಮೂಗಿದೆಯಾ?"

ಅಂಗಳವೆಲ್ಲ ನಕ್ಕಿತು. ಜಗಲಿಯ ಮೇಲೆ ಕೂತಿದ್ದ ಹಲ್ಲಿಲ್ಲದ ಅತ್ತೆ, ಸೊಸೆಯಂದಿರಿಬ್ಬರಿಗೂ ಅತ್ತೆ, ಕೆಮ್ಮು ಬರುವವರೆಗೆ ನಕ್ಕಳು. ಅವತ್ತಿನಿಂದ ಆ ಮನೆಯಲ್ಲಿ ಯಾರಾದರೂ ಸಾರಿಗೆ ಉಪ್ಪು ಕಮ್ಮಿ ಎಂದರೆ, ಹಾಸಿಗೆ ಒದ್ದೆ ಎಂದರೆ, ಉತ್ತರ ಅದೇ: ಮೀನಿಗೇನು ಮೂಗಿದೆಯಾ?

ಆ ಮೀನಿನ ಬಾಯಿಯ ಸುತ್ತ ಮೀಸೆ ಯಾಕಿದೆ ಎಂದು ಯಾರೂ ಕೇಳಲಿಲ್ಲ. ಕತ್ತಲ ಕೆಸರಿನಲ್ಲಿ ಅದು ತೀನಿ ಹುಡುಕುವುದು, ರುಚಿ ನೋಡುವುದು ಆ ಮೀಸೆಯಿಂದಲೇ. ಎದುರಿಗೆ ಬಿದ್ದದ್ದು ತಿನ್ನಬಾರದ್ದು ಎಂದು ಅದಕ್ಕೆ ತಿಳಿದೇ ಇತ್ತು. ಆದರೆ ನಾಲ್ಕು ಬದುಗಳ ನಡುವೆ ಕೂಡಿಹಾಕಿದ ಮೇಲೆ ಹಾಕಿದ್ದನ್ನು ತಿನ್ನದೆ ಅದು ಮಾಡುವುದೇನು? ನಕ್ಕ ಹೆಂಗಸರ ಪಾಡೂ ಅದೇ ಆಗಿತ್ತು. ಅದಕ್ಕೇ ನಕ್ಕರು.

ಎಜೈಟಾ ಎಂದರೆ ಅವರ ಮಾತಿನಲ್ಲಿ 'ಆಡಿಕೊಳ್ಳಲಿ ಬಿಡು' ಎಂದರ್ಥ. ಏನು ಕಂಡು ಆ ಹೆಸರಿಟ್ಟರೋ. ಮದುವೆಯಾಗಿ ಬಂದ ಮೇಲೆ ಮಕ್ಕಳಾಗಲಿಲ್ಲ, ಆಡಿಕೊಂಡರು. ಗಂಡ ಎಡಾಫೆ, ಉಮುಕೊರೊನ ತಮ್ಮ, ಕಡಲ ಕಡೆಯ ದೋಣಿ ಕೆಲಸಕ್ಕೆಂದು ಹೋದವನು ಹಬ್ಬಕ್ಕೂ ಬರುವುದು ಅಪರೂಪವಾಯಿತು, ಅದಕ್ಕೂ ಆಡಿಕೊಂಡರು. ಅವಳಿಗೆಂದು ಉಳಿದದ್ದು ಸಾಲಿನ ಕೊನೆಯ ಎರಡು ಸಣ್ಣ ಕೊಳ. ಓಮೊನಿಗೊ ಎಣ್ಣೆ ಕೊಡುತ್ತಿರಲಿಲ್ಲ, ಕೊಂಡುಕೊಳ್ಳಲು ಅವಳಿಗೆ ಗತಿಯಿರಲಿಲ್ಲ. ಸಂತೆಯಲ್ಲಿ ಗುಡಿಸಿ ಎಸೆಯುವ ಒಣಮೀನಿನ ತಲೆ ಕುಟ್ಟಿ, ಹುತ್ತ ಒಡೆದು ಗೆದ್ದಲು ತಂದು, ಹಿಂಡಿಗೆ ಬೆರೆಸಿ ಹಾಕುವಳು. ಮೀನು ಸಣಕಲು.

"ನಿನ್ನ ಮೀನು ಉಪವಾಸ ಕೂತ ಪಾದ್ರಿ ಥರ ಇದಾವಲ್ಲೇ," ಎಂದು ಓಮೊನಿಗೊ ಬದುವಿನ ಮೇಲೆ ನಿಂತು ಕೂಗುವಳು. "ಸಾರು ಮಾಡಿದ್ರೆ ಪಾತ್ರೆಗೇ ಹಸಿವಾಗುತ್ತೆ."

"ಬೆಳೀತಾವೆ ಬಿಡಿ ಅಕ್ಕ," ಎನ್ನುವಳು ಎಜೈಟಾ. ಇಷ್ಟೇ ಅವಳ ಮಾತು.

ಆ ವರ್ಷ ಮಳೆ ಹಿಂದಾದ ಮೇಲೆ ಓಮೊನಿಗೊಳ ಕೊಳದಲ್ಲಿ ಮೀನು ನೆಟ್ಟಗೆ ನಿಲ್ಲತೊಡಗಿದವು. ಬಾಲ ಕೆಳಗೆ, ಬಾಯಿ ಮೇಲೆ, ಯಾರೋ ನೂಲು ಕಟ್ಟಿ ತೂಗುಹಾಕಿದ ಹಾಗೆ. ಮಾರನೆಯ ಬೆಳಗ್ಗೆ ಅವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೈಗೆತ್ತಿಕೊಂಡರೆ ನೆತ್ತಿಯ ಹಿಂದೆ ಬುರುಡೆ ಬಿರುಕು ಬಿಟ್ಟಿತ್ತು, ಬಿರುಕಿನೊಳಗೆ ಕೆಂಪು. ರೆಕ್ಕೆಗಳ ಬುಡ ಕೊಳೆತಿತ್ತು. ಹೊಟ್ಟೆ ಸೀಳಿದರೆ ಹಳದಿ ಕೊಬ್ಬಿನ ಗಂಟುಗಳು, ಈಲಿ ಇರಬೇಕಾದಲ್ಲಿ ಹಸಿ ಜೇಡಿಮಣ್ಣಿನಂಥದ್ದೇನೋ, ಬೆರಳು ಮುಟ್ಟಿದರೆ ಪುಡಿಯಾಗುವುದು.

"ವಿಷ," ಎಂದಳು ಅತ್ತೆ ಜಗಲಿಯಿಂದ.

ಬೇರೇನು ಎಂದು ಯೋಚಿಸಿದವರಿಲ್ಲ. ಹೊಟ್ಟೆಕಿಚ್ಚಿಗೆ ಒಬ್ಬರ ಕೊಳಕ್ಕೆ ಇನ್ನೊಬ್ಬರು ಗಿಡಕ್ಕೆ ಹೊಡೆಯುವ ಔಷಧಿ ಸುರಿದದ್ದನ್ನು ಆ ಊರು ಕಂಡಿತ್ತು. ಇನ್ನು ವಿಷಕ್ಕೆ ಮದ್ದೇನೆಂದು ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮಗು ಸೀಮೆಎಣ್ಣೆ ಕುಡಿಯಿತೇ, ತಾಳೆ ಎಣ್ಣೆ ಕುಡಿಸು. ನಾಯಿ ಇಲಿಪಾಷಾಣ ತಿಂದಿತೇ, ತಾಳೆ ಎಣ್ಣೆ ಹೊಯ್ಯಿ. ಪರರ ಮನೆಯ ಊಟದ ಮೇಲೆ ಅನುಮಾನವೇ, ಬರುವಾಗ ಒಂದು ಚಮಚ ನೆಕ್ಕಿ ಬಾ. ವಿಷವನ್ನು ಎಣ್ಣೆ ಕೊಲ್ಲುತ್ತದೆ. ಅಜ್ಜಿಯ ಅಜ್ಜಿಗೂ ಗೊತ್ತಿದ್ದ ಮದ್ದು ಅದು.

ಓಮೊನಿಗೊ ಆ ಮದ್ದನ್ನೇ ಮಾಡಿದಳು. ಒಂದು ಸೌಟು ಹಾಕುತ್ತಿದ್ದಲ್ಲಿ ಎರಡು ಹಾಕಿದಳು. ಸತ್ತವು ಹೆಚ್ಚಾದವು. ಮೂರು ಹಾಕಿದಳು. ಕೊಳದ ಮೇಲೆ ಎಣ್ಣೆಯ ಪದರ ಬಣ್ಣಬಣ್ಣವಾಗಿ ಹೊಳೆಯಿತು, ಅದರ ಕೆಳಗೆ ಮೀನು ನೆಟ್ಟಗೆ ನಿಂತವು. ಅವಳಿಗೆ ನಿದ್ದೆ ಬಾರದಾಯಿತು. ವಾರಿಯಿಂದ ಬಂದ ಗಾಡಿಗಳು ಬರಿದಾಗಿ ತಿರುಗಿದವು. "ಎಣ್ಣೆ ಮಾಮಾಳ ಕೊಳಕ್ಕೆ ದೆವ್ವ ಹೊಕ್ಕಿದೆಯಂತೆ" ಎಂದು ಸಂತೆಯಲ್ಲಿ ಮಾತಾಯಿತು. ಬೆನ್ನ ಹಿಂದೆ ಯಾರು ಕೆಮ್ಮಿದರೂ ನಕ್ಕಂತೆ ಕೇಳಿಸಿತು ಅವಳಿಗೆ.

ಒಂದು ಮುಂಜಾನೆ ಸತ್ತ ಮೀನನ್ನು ಬುಟ್ಟಿಗೆ ತುಂಬುತ್ತಿದ್ದವಳು ತಲೆಯೆತ್ತಿ ನೋಡಿದಳು. ಸಾಲಿನ ಕೊನೆಯ ಎರಡು ಕೊಳದಲ್ಲಿ ನೀರು ಕುದಿಯುತ್ತಿತ್ತು. ಎಜೈಟಾ ತೀನಿ ಎರಚುತ್ತಿದ್ದಳು, ಸಣಕಲು ಮೀನುಗಳು ಒಂದರ ಮೇಲೊಂದು ಹಾರಿ ಬಾಯಿ ಹಾಕುತ್ತಿದ್ದವು.

ತನ್ನ ಕೊಳಕ್ಕೂ ಎಜೈಟಾಳ ಕೊಳಕ್ಕೂ ಇರುವ ವ್ಯತ್ಯಾಸವೇನು ಎಂದು ಓಮೊನಿಗೊ ಆಗಲೇ ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ. ಬುಟ್ಟಿ ಕೆಳಗಿಟ್ಟು, ಬೆರಳೆತ್ತಿ ತೋರಿಸಿದಳು.

"ನೋಡಿ," ಎಂದು ಅಂಗಳಕ್ಕೆ ಕೇಳುವಂತೆ ಕೂಗಿದಳು. "ಎಲ್ಲರ ಕಣ್ಣಿಗೂ ಕಾಣ್ತಿದೆ ತಾನೆ? ನನ್ನ ಕೊಳಕ್ಕೆ ಇಳಿದ ವಿಷ ಅವಳ ಕೊಳಕ್ಕೆ ಯಾಕೆ ಇಳೀಲಿಲ್ಲ?"

"ಅಯ್ಯೋ ಅಕ್ಕ, ನಾನ್ಯಾಕೆ..."

"ಹೊಟ್ಟೆ ಬರಿದಾದವಳಿಗೆ ಕೊಳ ತುಂಬಿದವರನ್ನ ಕಂಡ್ರೆ ಆಗುತ್ತೇನೆ?"

ತೋರಿಸಿದ್ದಾಗಿತ್ತು. ಉಳಿದ ಕೆಲಸಕ್ಕೆ ಜನ ಬೇಕಾದಷ್ಟಿದ್ದರು.

ಮಾವಿನ ಮರದಡಿ ಮನೆತನದವರೆಲ್ಲ ಸೇರಿದರು. ಉಮುಕೊರೊ ನೆಲಕ್ಕೆ ಸಾರಾಯಿ ಸುರಿದು ಗತಿಸಿದ ಹಿರಿಯರನ್ನು ಕರೆದ, ಶಾಸ್ತ್ರಕ್ಕೆ ಕೋಲಾ ಕಾಯಿ ಒಡೆದು ಹಂಚಿದ. ಎಡಾಫೆಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಹಿಂದೆ ಯಾವುದೋ ದೋಣಿಯ ಸದ್ದು, ಯಾವುದೋ ಹೆಂಗಸಿನ ನಗು. "ಅಣ್ಣ ಹೇಳಿದ್ದೇ ಸರಿ," ಎಂದಿತು ಎಡಾಫೆಯ ದನಿ. "ನನಗೆ ಕೆಲಸ ಇದೆ, ಇಡ್ತೀನಿ."

ಎಜೈಟಾ ನಡುವೆ ಮಂಡಿಯೂರಿದ್ದಳು. ಅವತ್ತು ಯಾರೂ ಅವಳಿಗೆ 'ವ್ರೆಂಡೊ' ಅಂದಿರಲಿಲ್ಲ.

"ಹಾಕಿಲ್ಲ ಅಂತೀಯ?" ಎಂದ ಉಮುಕೊರೊ.

"ಹಾಕಿಲ್ಲ ಭಾವ."

"ಹಾಗಾದ್ರೆ ಆ ಕೊಳದ ನೀರು ಕುಡಿ. ನಿನ್ನ ಕೈ ಶುದ್ಧ ಇದ್ರೆ ನೀರು ನೀರೇ."

"ಕೊಡಿ."

ಇಷ್ಟು ಬೇಗ ಒಪ್ಪುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಸತ್ತ ಮೀನು ತೇಲುತ್ತಿದ್ದ ನೀರನ್ನು ಸೋರೆ ಬುರುಡೆಯಲ್ಲಿ ಮೊಗೆದು ತಂದರು. ಎಜೈಟಾ ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡಳು. ಜನ ಕಾದರು. ಮರದಿಂದ ಮಾವಿನ ಎಲೆ ಉದುರಿತು, ಹುಂಜ ಕೂಗಿತು. ಅವಳು ಹಾಗೇ ಇದ್ದಳು, ಮುಖ ಕೂಡ ಕಿವುಚಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ "ಏನೂ ಆಗ್ಲಿಲ್ವಲ್ಲಪ್ಪ" ಎಂದರು. ಓಮೊನಿಗೊ ಗುಂಪಿನ ಮುಖಗಳನ್ನು ಒಂದೊಂದಾಗಿ ನೋಡಿದಳು. ಇವಳಲ್ಲ ಎಂದಾದರೆ ಮತ್ತೆ ಯಾರು? ಜನರ ಕಣ್ಣು ಇನ್ನು ಯಾರ ಕಡೆ ಹೊರಳಬೇಕು?

ಆಗ ಜಗಲಿಯಿಂದ ಅತ್ತೆ ಬಾಯಿ ತೆರೆದಳು. "ಹಾಕಿದವರು ಯಾರಾದ್ರೂ ಆಗ್ಲಿ, ಕುಡಿದದ್ದು ವಿಷದ ನೀರು. ನನ್ನ ಅಂಗಳದಲ್ಲಿ ಹೆಣ ಬೀಳೋದು ಬೇಡ. ಎಣ್ಣೆ ಕುಡಿಸಿ ಅವಳಿಗೆ."

ಓಮೊನಿಗೊ ಎದ್ದಳು. ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ, ಹೊಸ ಎಣ್ಣೆಯ ಬಾಟಲಿ ಇತ್ತು. ತೆರೆದರೆ ತಾಳೆಹಣ್ಣಿನ ಸಿಹಿ ವಾಸನೆ ಬರುವಂಥದ್ದು, ಮಕ್ಕಳಿಗೆ ಬೇಯಿಸಿದ ಗೆಣಸಿನ ಮೇಲೆ ಹೊಯ್ಯುವಂಥದ್ದು. ಅವಳ ಕೈ ಅದರ ಕುತ್ತಿಗೆಯವರೆಗೂ ಹೋಯಿತು. ಇವಳಿಗೆ ಇದಾ, ಅನ್ನಿಸಿತು. ಇವಳ ಗಂಟಲಿಗೆ ಯಾಕೆ ಇದು ದಂಡ? ಹಿತ್ತಿಲಿಗೆ ಹೋಗಿ, ಪೀಪಾಯಿಯ ತಳಕ್ಕೆ ಸೌಟು ಇಳಿಸಿ, ಕೆರೆದು ತೆಗೆದು, ಲೋಟ ತುಂಬಿಕೊಂಡು ಬಂದಳು.

ಎಜೈಟಾ ಲೋಟದೊಳಗೆ ನೋಡಿದಳು. ಆಮೇಲೆ ಓಮೊನಿಗೊಳ ಮುಖ ನೋಡಿದಳು.

"ಅಕ್ಕ, ಇದು ಮೀನಿನ..."

"ಕುಡಿಯೇ! ನಿನ್ನ ಜೀವ ಉಳಿಸೋಕೆ ಕೊಡ್ತಿರೋದು."

ಅವಳು ಕುಡಿದಳು. ಲೋಟ ಕೈಯಿಂದ ಉರುಳಿತು. ಎರಡೂ ಕೈ ನೆಲಕ್ಕೂರಿ, ಕೊಳದ ನೀರು, ಎಣ್ಣೆ, ಹಿಂದಿನ ದಿನ ಉಂಡ ಮರಗೆಣಸಿನ ಮುದ್ದೆ, ಎಲ್ಲವನ್ನೂ ಅಂಗಳಕ್ಕೆ ಕಾರಿದಳು. ಮತ್ತೆ ಕಾರಿದಳು. ಕಾರಲು ಏನೂ ಇಲ್ಲದಾದ ಮೇಲೂ ಬೆನ್ನು ಕಮಾನಾಗಿ ಅದುರುತ್ತಿತ್ತು.

"ಹಿಡೀತು!" ಎಂದರು ಯಾರೋ.

"ಎಣ್ಣೆ ವಿಷಾನ ಹೊರಗೆಳೀತು ನೋಡಿ! ವಿಷ ಇಲ್ದಿದ್ರೆ ಎಣ್ಣೆ ಹೊಟ್ಟೇಲಿ ನಿಲ್ತಿತ್ತು!"

ನೀರಿನಲ್ಲಿ ವಿಷವಿತ್ತು ಎಂದಾದರೂ ಹಾಕಿದವಳು ಇವಳೇ ಎಂದು ಅದು ಹೇಗೆ ಹೇಳುತ್ತದೆ ಎಂದು ಆ ಗುಂಪಿನಲ್ಲಿ ಒಬ್ಬನೂ ಕೇಳಲಿಲ್ಲ. ಗುಂಪಿಗೆ ತರ್ಕ ಬೇಕಾಗಿರುವುದಿಲ್ಲ, ವಾಂತಿ ಸಾಕು. ಅವಳ ಪಾತ್ರೆಗಳನ್ನು ಅಂಗಳಕ್ಕೆ ಎಸೆದರು. ಬಟ್ಟೆಗಂಟನ್ನು ರಸ್ತೆಗೆ ಎಸೆದರು. ಉಮುಕೊರೊ, "ನನ್ನ ತಮ್ಮನ ಮನೆಗೂ ನಿನಗೂ ಇನ್ನು ಏನೂ ಇಲ್ಲ" ಎಂದ. ಹೆಂಗಸರು ಅವಳ ಹಿಂದೆ ಬೂದಿ ಎರಚಿದರು. ಹಾಗೆ ಎರಚಿದವರಲ್ಲಿ, ಕಳೆದ ಮಳೆಗಾಲದಲ್ಲಿ ತಮ್ಮ ಮಗುವಿಗೆ ಜ್ವರ ಬಂದಾಗ ಅವಳ ತೋಳಿನಲ್ಲಿ ಮಲಗಿಸಿ ಬಿಟ್ಟುಹೋದವರೂ ಇದ್ದರು.

ಎಜೈಟಾ ಗಂಟು ಎತ್ತಿಕೊಂಡಳು. ಎಣ್ಣೆ ಇಳಿದ ಗಲ್ಲವನ್ನು ಒರೆಸಿಕೊಳ್ಳದೆ ನಡೆದುಹೋದಳು.

ಅವಳ ಎರಡು ಕೊಳ ಓಮೊನಿಗೊಗೆ ಸೇರಿದವು. ಆದ ನಷ್ಟಕ್ಕೆ ಅಷ್ಟಾದರೂ ಬೇಡವೇ ಎಂದರು ಎಲ್ಲರೂ. ಓಮೊನಿಗೊ ತನ್ನ ಸತ್ತ ಕೊಳಗಳನ್ನು ಬರಿದು ಮಾಡಿ ಸುಣ್ಣ ಹಾಕಿ ಒಣಗಲು ಬಿಟ್ಟಳು. ಸಣಕಲು ಮೀನುಗಳನ್ನು ತಾನೇ ನೋಡಿಕೊಂಡಳು. ಹಬ್ಬದ ಮಾರಾಟಕ್ಕೆ ಕೊಬ್ಬಿಸಬೇಕಲ್ಲ? ಪೀಪಾಯಿಯಿಂದ ಸೌಟು ಸೌಟು ಹೊಯ್ದಳು. ಬೇಲಿ ಹಾಕಿಸಿದಳು. ನಾಯಿ ಕಟ್ಟಿದಳು. ಕೊಳದ ಹತ್ತಿರ ಗಂಡನನ್ನೂ ಬಿಡಲಿಲ್ಲ.

ಮೀನು ದಪ್ಪಗಾದವು. ಆಮೇಲೆ ಮೇವಿಗೆ ಬರುವುದು ನಿಧಾನವಾಯಿತು. ಆಮೇಲೆ ಒಂದು ಬೆಳಗ್ಗೆ ಬಾಲ ಕೆಳಗೆ, ಬಾಯಿ ಮೇಲೆ ಮಾಡಿ ನೆಟ್ಟಗೆ ನಿಂತವು.

ಅವಳು ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಬೇಲಿ ಭದ್ರವಾಗಿತ್ತು. ನಾಯಿ ಬೊಗಳಿರಲಿಲ್ಲ. ಶತ್ರು ಊರಲ್ಲೇ ಇರಲಿಲ್ಲ. ಬಂದದ್ದು ಅವಳೊಬ್ಬಳೇ, ಅವಳ ಬುಟ್ಟಿ, ಬುಟ್ಟಿಯಲ್ಲಿ ಎಣ್ಣೆ ಕುಡಿದ ತೀನಿ. ತುಂಬ ಹೊತ್ತು ನೀರು ನೋಡಿ, ಎದ್ದು ಹಿತ್ತಿಲಿಗೆ ಹೋಗಿ ಪೀಪಾಯಿಯ ಮುಚ್ಚಳ ತೆಗೆದಳು. ಇಷ್ಟು ವರ್ಷ ಉಸಿರು ಬಿಗಿಹಿಡಿದೇ ಅದರೊಳಗೆ ಸೌಟು ಇಳಿಸುತ್ತಿದ್ದಳೆಂದು ಆಗ ಅವಳಿಗೇ ಗೊತ್ತಾಯಿತು. ಈ ಸಲ ಉಸಿರೆಳೆದುಕೊಂಡಳು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

ಗಂಟಲು ಸುಟ್ಟಂತಾಗಿ, ಪೀಪಾಯಿಯನ್ನೇ ತಬ್ಬಿ ಹಿಡಿದು ವಾಂತಿ ಮಾಡಿಕೊಂಡಳು. ಬರೀ ಬೆರಳ ತುದಿಯಷ್ಟಕ್ಕೆ.

"ಏನಾಯ್ತೇ?" ಎಂದಿತು ಜಗಲಿಯಿಂದ ಅತ್ತೆಯ ದನಿ.

"ಏನಿಲ್ಲ ಅತ್ತೆ. ಬಿಸಿಲು."

ಹೇಳುವುದಿದ್ದರೆ ಅದು ಹೇಳುವ ಹೊತ್ತು. ಅತ್ತೆ ಇದ್ದಳು, ಗಂಡ ಮರದಡಿ ಇದ್ದ, ಎಜೈಟಾ ವಾರಿಯ ಕಡೆ ಹೋದಳೆಂದು ಸಂತೆಯವರು ಹೇಳಿದ್ದರು. ಓಮೊನಿಗೊ ಮಾಡಿದ್ದು ಬೇರೆ. ಆ ವಾರವೇ ಪೀಪಾಯಿಗಳನ್ನು ನದಿಯಾಚೆಯ ಊರಿಗೆ ಸಾಗಿಸಿ ಮಾರಿದಳು. ಅಲ್ಲಿ ಹೊಸದಾಗಿ ಕೊಳ ತೋಡಿದವರಿದ್ದರು. "ಮೀನಿಗೆ ಅಂತಲೇ ಇಟ್ಟಿದ್ದ ಎಣ್ಣೆ" ಎಂದಳು. ಅದು ಸುಳ್ಳಲ್ಲ.

ತೀನಿಗೆ ಹೊಸ ಎಣ್ಣೆ ಹಾಕಿದಳು, ಮೊದಲಿನ ಹಾಗೆ ಒಂದೇ ಸೌಟು. ಎಜೈಟಾ ಮಾಡುತ್ತಿದ್ದಂತೆ ಒಣಮೀನಿನ ತಲೆ ಕುಟ್ಟಿ ಸೇರಿಸಿದಳು. ಸತ್ತವನ್ನು ಬೇಲಿಯೊಳಗೇ ಯಾರಿಗೂ ಕಾಣದಂತೆ ಹೂತು, ಹೊಸ ಮರಿ ಬಿಟ್ಟಳು. ನೀರು ಮತ್ತೆ ಕುದಿಯತೊಡಗಿತು.

ವಾರಿಗೆ ಮತ್ತೆ ಮೀನು ಹೋಗುವಂತಾದಾಗ, ಮೇಡಂ ಕಂಫರ್ಟ್ ಎಂಬವಳ ತೋರಿಸು-ಕೊಲ್ಲು ಅಂಗಡಿಗೆ ಓಮೊನಿಗೊ ತಾನೇ ಗಾಡಿಯ ಜೊತೆ ಹೋದಳು. ಹಿಂಬದಿಯ ಸಿಮೆಂಟು ತೊಟ್ಟಿಯ ಪಕ್ಕ, ಲೋಳೆ ಮತ್ತು ರಕ್ತದ ನಡುವೆ, ಒಬ್ಬ ಹೆಂಗಸು ಮಂಡಿಯೂರಿ ಮೀನು ಸೀಳುತ್ತಿದ್ದಳು. ಎಜೈಟಾ.

ಓಮೊನಿಗೊಳ ಬಾಯಿಗೆ ಅಭ್ಯಾಸಬಲದಿಂದ 'ವ್ರೆಂಡೊ' ಬಂದುಬಿಡುತ್ತಿತ್ತು. ಆದರೆ ಈ ಮಂಡಿ ಊರಿದ್ದು ಅವಳಿಗಾಗಿ ಅಲ್ಲ. ಎಜೈಟಾ ತಲೆಯೆತ್ತಿ ನೋಡಿ, 'ಮಿಗ್ವೊ' ಎನ್ನದೆ, "ಯಾವ್ದು ಬೇಕು, ತೋರಿಸಿ" ಎಂದಳು.

"ನಾನು ಕಣೆ. ಗುರುತು ಸಿಗ್ಲಿಲ್ವಾ?"

"ಗುರುತು ಸಿಕ್ಕಿದ್ದಕ್ಕೇ ಕೇಳಿದ್ದು. ತೋರಿಸೋದು ನಿಮಗೆ ಚೆನ್ನಾಗಿ ಬರುತ್ತಲ್ಲ."

ಓಮೊನಿಗೊ ಸುತ್ತ ನೋಡಿದಳು. ಮುಂದಿನ ಕೋಣೆಯಲ್ಲಿ ಗಿರಾಕಿಗಳು, ಹಾಡು, ನಗು. ಬಗ್ಗಿ, ದನಿ ತಗ್ಗಿಸಿ ಹೇಳಿದಳು: "ಎಣ್ಣೆ ಕೆಟ್ಟಿತ್ತು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಅವತ್ತೇ. ನಾಲಿಗೆ ನನ್ನದಲ್ವಾ ಅಕ್ಕ?"

ತೊಟ್ಟಿಯಲ್ಲಿ ಮೀನೊಂದು ಬಾಲ ಬಡಿಯಿತು. ಎಜೈಟಾ ಕತ್ತಿಯನ್ನು ಕಲ್ಲಿಗೆ ಉಜ್ಜಿದಳು.

"ಇಲ್ಲಿಗೆ ಎಷ್ಟೋ ಕಡೆ ಮೀನು ಬರುತ್ತೆ. ಬುರುಡೆಗೆ ಒಂದು ಹೊಡೆದ್ರೆ ಕೈ ಹೇಳುತ್ತೆ, ಯಾವ ಮನೇಲಿ ಹಳೇ ಎಣ್ಣೆ ಹಾಕ್ತಾರೆ ಅಂತ. ಬಿಸ್ಕತ್ತು ಮುರಿದ ಹಾಗೆ ಮುರಿಯುತ್ತೆ. ಮೇಡಂ ಅಂತಾರೆ, ಗಿರಾಕಿಗೆ ಹೇಳಬೇಡ, ಖಾರ ಜಾಸ್ತಿ ಹಾಕು."

"ಮನೆಗೆ ಬಾ," ಎಂದಳು ಓಮೊನಿಗೊ. ಅವಳಿಗೇ ತಿಳಿಯದೆ ಬಂದ ಮಾತು ಅದು. "ನಿನ್ನ ಕೊಳ ನೀನೇ ಇಟ್ಕೊ. ನಾನು ನೋಡ್ಕೋತೀನಿ."

"ಕಳ್ಳಿ ಥರ ಹಿಂಬಾಗಿಲಿಂದ ಬರ್ಲಾ?"

"ಮತ್ತೆ?"

"ಅದೇ ಮರದ ಕೆಳಗೆ ಜನ ಸೇರ್ಸಿ. ನೀವು ಒಂದು ಮಾತೂ ಆಡೋದು ಬೇಡ. ಆ ಪೀಪಾಯಿಯಿಂದ ಒಂದು ಲೋಟ ತಗೊಂಡು ಎಲ್ಲರ ಮುಂದೆ ನೀವು ಕುಡೀರಿ. ನಿಮ್ಮ ಹೊಟ್ಟೇನೇ ಹೇಳುತ್ತೆ. ಆಮೇಲೆ ನಾನು ಬರ್ತೀನಿ. ಬಂದು ಬೆಳಗ್ಗೆ ಎದ್ದು ನಿಮಗೆ ಮಂಡಿ ಊರ್ತೀನಿ, ಮೊದಲಿನ ಹಾಗೇನೇ."

ಓಮೊನಿಗೊ ತೊಟ್ಟಿಯ ಕಡೆ ತಿರುಗಿದಳು. "ಆ ಎಣ್ಣೆ ಈಗಿಲ್ಲ. ಮಾರಿಬಿಟ್ಟೆ."

"ಸೋಪು ಮಾಡೋರಿಗಾ?"

ಎಜೈಟಾ ಅವಳ ಮುಖವನ್ನೇ ನೋಡಿದಳು. ನಿಧಾನವಾಗಿ ಅವಳಿಗೆ ಅರ್ಥವಾಯಿತು.

"ಮೀನು ಸಾಕೋರಿಗೆ," ಎಂದಳು. ಆಮೇಲೆ ನಕ್ಕಳು. ಆ ಮನೆಯಲ್ಲಿದ್ದಷ್ಟು ಕಾಲ ಅವಳು ಹಾಗೆ ಬಾಯಿಬಿಟ್ಟು ನಕ್ಕದ್ದನ್ನು ಓಮೊನಿಗೊ ನೋಡಿರಲಿಲ್ಲ. "ಪಾಪ, ಅಲ್ಲಿ ಯಾರೋ ಒಬ್ಬಳು ಇರ್ತಾಳೆ ಅಕ್ಕ. ಯಾರ ಮನೇಲಾದ್ರೂ ಒಬ್ಬಳು ಇದ್ದೇ ಇರ್ತಾಳೆ, ಬೆರಳು ತೋರಿಸೋಕೆ."

"ಏನೇ ಅಲ್ಲಿ ಹರಟೆ!" ಎಂದು ಒಳಗಿನಿಂದ ಮೇಡಂ ಕಂಫರ್ಟ್ ಕೂಗಿದಳು. "ಗಿರಾಕಿ ಕಾಯ್ತಿದಾರೆ!"

"ಬಂದೆ ಮೇಡಂ!" ಎಜೈಟಾ ತೊಟ್ಟಿಗೆ ಕೈ ಹಾಕಿ ಓಮೊನಿಗೊ ತಂದ ಮೀನುಗಳಲ್ಲಿ ಒಂದನ್ನು ಎತ್ತಿ ಹಲಗೆಯ ಮೇಲಿಟ್ಟು, ತಲೆಗೆ ಕಟ್ಟಿಗೆಯಿಂದ ಒಂದು ಹೊಡೆದಳು. ಗಟ್ಟಿ ಸದ್ದು ಬಂತು. ಇನ್ನೊಂದು ಹೊಡೆದಳು. "ಬುರುಡೆ ಗಟ್ಟಿ ಇದೆ," ಎಂದಳು. "ಚೆನ್ನಾಗಿ ಸಾಕಿದೀರಿ."

ಆಮೇಲೆ ಅವಳು ತಲೆಯೆತ್ತಲಿಲ್ಲ.

ಊರಿಗೆ ಮರಳಿದ ಓಮೊನಿಗೊಳನ್ನು ಅತ್ತೆ ಕೇಳಿದಳು: "ಅವಳೇನಾದ್ರೂ ಕಣ್ಣಿಗೆ ಬಿದ್ದಳಾ?"

"ಇಲ್ಲ ಅತ್ತೆ. ಲೇಗೋಸ್ ಕಡೆ ಹೋದಳಂತೆ."

ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ಅವಳ ಕೊಳಗಳಿಂದ ಗಾಡಿಗಳು ತುಂಬಿ ಹೋದವು. ಮನೆತನದವರೆಲ್ಲ ಮಾವಿನ ಮರದಡಿ ಸೇರಿ ತಾಳೆಹಣ್ಣಿನ ಸಾರು, ಮುದ್ದೆ ಉಂಡರು. ಉಮುಕೊರೊ ಸಾರಾಯಿಯ ಲೋಟ ಎತ್ತಿ ಹೇಳಿದ: "ನೋಡಿದ್ರಾ? ಆ ಹೆಂಗಸು ಅಂಗಳ ದಾಟಿದ್ದೇ ತಡ, ನೀರು ಶುದ್ಧ ಆಯ್ತು. ಇನ್ನೇನು ಸಾಕ್ಷಿ ಬೇಕು?" ಹೌದು ಹೌದು ಎಂದರು ಎಲ್ಲರೂ. ಸತ್ತ ಮೀನು ಎಜೈಟಾಳ ತಪ್ಪಿಗೆ ಸಾಕ್ಷಿಯಾಗಿದ್ದವು. ಈಗ ಬದುಕಿದ ಮೀನೂ ಅದೇ ಸಾಕ್ಷಿ ನುಡಿದವು. ಉಮುಕೊರೊ ಹೆಂಡತಿಯ ಕಡೆ ತಿರುಗಿದ. "ಅಲ್ವೇನೆ?"

ಎಲ್ಲರೂ ಅವಳನ್ನು ನೋಡಿದರು. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು. "ಹೌದು," ಎಂದಳು.

ಎಡಾಫೆ ಆ ಹಬ್ಬಕ್ಕೆ ಬಂದಿದ್ದ, ಜೊತೆಗೆ ಹೊಸ ಹೆಂಡತಿಯೂ ಬಂದಿದ್ದಳು. ಫೋನಿನಲ್ಲಿ ಕೇಳಿದ ನಗು ಅವಳದೇ ಇರಬೇಕು. ಚಿಕ್ಕ ಹುಡುಗಿ, ಮೂರು ತಿಂಗಳ ಬಸುರಿ, ಹೆಸರು ಓಗಾಲೆ. ಬೆಳಗ್ಗೆ ಎದ್ದವಳೇ ಅವಳು ಓಮೊನಿಗೊಳ ಮುಂದೆ ಬಗ್ಗಿದಳು. "ಮಿಗ್ವೊ" ಪೂರ್ತಿ ಬಾಯಿಂದ ಬೀಳುವ ಮೊದಲೇ, ಮಂಡಿ ಕೆಸರು ಮುಟ್ಟುವ ಮೊದಲೇ, ಓಮೊನಿಗೊ ಗಾಬರಿಯಾದವಳಂತೆ "ವ್ರೆಂಡೊ, ವ್ರೆಂಡೊ" ಎಂದುಬಿಟ್ಟಳು.

"ಅಕ್ಕ ಎಷ್ಟು ಒಳ್ಳೆಯವರು," ಎಂದಳು ಓಗಾಲೆ ಅತ್ತೆಗೆ. "ನೆಲ ಮುಟ್ಟೋಕೂ ಬಿಡಲ್ಲ."

ಸಾಲಿನ ಕೊನೆಯ ಎರಡು ಕೊಳ ಈಗ ಅವಳಿಗೆ ಎಂದಾಯಿತು. ತೀನಿ ಕಲಸಲು ಹೆಂಗಸರು ಸೇರಿದ ಬೆಳಗ್ಗೆ ಅವಳೂ ಬಂದು ಕೂತಳು.

"ಎಣ್ಣೆ ಎಷ್ಟು ಹಾಕ್ಬೇಕು ಅಕ್ಕ?"

"ಒಂದು ಸೌಟು." ಓಮೊನಿಗೊ ಸೌಟನ್ನು ಅವಳ ಕೈಗಿತ್ತಳು. "ಹಾಕೋಕೆ ಮುಂಚೆ ಮೂಸಿ ನೋಡು."

ಹುಡುಗಿಗೆ ಆ ಅಂಗಳದ ಮಾತುಗಳು ಆಗಲೇ ಬಾಯಿಗೆ ಬಂದಿದ್ದವು. ಕಣ್ಣು ಮಿಟುಕಿಸಿ, ಎಲ್ಲರ ಕಡೆ ತಿರುಗಿ ಕೇಳಿದಳು: "ಯಾಕಕ್ಕ, ಮೀನಿಗೇನು ಮೂಗಿದೆಯಾ?"

ಅಂಗಳವೆಲ್ಲ ನಕ್ಕಿತು. ಜಗಲಿಯ ಮೇಲೆ ಅತ್ತೆ ಕೆಮ್ಮು ಬರುವವರೆಗೆ ನಕ್ಕಳು. ಓಮೊನಿಗೊ ಕೂಡ ನಕ್ಕಳು. ನಗದಿದ್ದರೆ ಯಾಕೆ ನಗಲಿಲ್ಲ ಎಂದು ಕೇಳುತ್ತಾರೆ.